ಅಂಕಣದಲ್ಲಿ ಉಳಿದವರು

ಅಂಪೈರನಿಗೆ ಹೊಡೆಯುವುದು ನಮ್ಮ ಕಡೆಯ ಕಬಡ್ಡಿಯಲ್ಲಿ ಆಟದ ಒಂದು ಭಾಗವೇ ಆಗಿಹೋಗಿತ್ತು. ಹೊಸನಗರದ ಹತ್ತಿರ ಒಂದು ಪಂದ್ಯಾವಳಿಯಲ್ಲಿ, ಔಟ್ ಎಂದು ಕೈ ಎತ್ತಿದ ತಪ್ಪಿಗೆ ಒಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಿಂದ ಹೊಡೆದರು. ಕುರ್ಚಿಯ ಕಾಲು ಮುರಿಯಿತು, ಆ ಕಾಲಿನಿಂದಲೇ ಮತ್ತೆ ಹೊಡೆದರು. ನಾನು ಕಣ್ಣಾರೆ ಕಂಡದ್ದು. ಕಿವಿಯಿಂದ ಇಳಿದ ರಕ್ತ ಅವರ ಬಿಳಿ ಟೀ ಶರ್ಟಿನ ಕಾಲರಿಗೆ ಸೇರುತ್ತಿತ್ತು. ಸೀಟಿ ಬಾಯಲ್ಲೇ ಉಳಿದಿತ್ತು, ಒಂದೊಂದು ಏಟು ಬಿದ್ದಾಗಲೂ ಅದು ತಾನಾಗಿ ಪೀ ಎನ್ನುತ್ತಿತ್ತು. ಸುತ್ತ ನಿಂತವರು ನಕ್ಕರು. ನನಗೂ ನಗು ಬಂತು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ಅದಾದ ಮೇಲೆ ಯಾವ ಅಂಪೈರೂ ಬಾಯಿ ಬಿಡಲು ಒಪ್ಪಲಿಲ್ಲ. ಕೈ ಎತ್ತುವುದಿಲ್ಲ, ಔಟ್ ಎನ್ನುವುದಿಲ್ಲ, ಬೇಕಾದರೆ ಮೂಲೆಯಲ್ಲಿ ನಿಂತಿರುತ್ತೇವೆ ಎಂದರು. ಆಗ ದಾರಿ ತೋರಿಸಿದವನು ನನ್ನ ಅಣ್ಣ. ಅವನದು ಶಾಮಿಯಾನ, ಮೈಕು, ಕಬಡ್ಡಿ ಮ್ಯಾಟುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ. ಎಲ್ಲಿಂದಲೋ ಒಂದು ದೊಡ್ಡ ಎಲ್‌ಇಡಿ ಬೋರ್ಡು ತಂದ. ಅಂಕಣದ ಎರಡು ಪಕ್ಕದಲ್ಲಿ ಇಬ್ಬರು ಲೈನ್ ಅಂಪೈರುಗಳು, ಇಬ್ಬರ ಕೈಯಲ್ಲೂ ಒಂದೊಂದು ಫೋನು. ಯಾರು ಔಟಾದರೋ ಅವರ ನಂಬರನ್ನು ಸದ್ದಿಲ್ಲದೆ ಒತ್ತಿದರಾಯಿತು. ಬೋರ್ಡು ಹೇಳಿದ್ದೇ ಅಂತಿಮ ಎಂದು ಸಮಿತಿಯವರು ಮೈಕಿನಲ್ಲಿ ಸಾರಿದರು. ಮನುಷ್ಯನಿಗಾದರೆ ಹೊಡೆಯಬಹುದು, ಕಂಬದ ಮೇಲಿನ ಬೋರ್ಡಿಗೆ ಯಾರು ಹೊಡೆಯುತ್ತಾರೆ ಎಂಬುದು ಅವರ ಧೈರ್ಯ.

ಆ ಬೋರ್ಡಿಗೆ ಬುದ್ಧಿ ಕೊಟ್ಟವಳು ನಾನು. ನಾನೂ ಒಂದು ಕಾಲದಲ್ಲಿ ಆಡಿದವಳೇ. ನನ್ನ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ಎಡ ಮೊಣಕಾಲು ಚಳಿಗಾಲದಲ್ಲಿ ಮಡಚುವುದಿಲ್ಲ. ಈಗ ಸಾಗರದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಹಡಿಯ ಮೇಲೆ ಕಚೇರಿ ಮಾಡಿಕೊಂಡಿದ್ದೇನೆ. ಜೊತೆಗೆ ಒಬ್ಬ ಪಾಲುದಾರ ಇದ್ದ. ನನ್ನ ಕೆಲಸ ಏನೆಂದು ಹೇಳಲು ಶುರು ಮಾಡಿದರೆ ಅಣ್ಣ ಆಕಳಿಸುತ್ತಾನೆ. ಯಂತ್ರಗಳು ಒಂದಕ್ಕೊಂದು ಕಳಿಸುವ ಸಂದೇಶದಲ್ಲಿ ಏನೇನು ಇರುತ್ತದೆ, ಯಾವುದನ್ನು ಹೇಗೆ ಓದಬೇಕು ಎಂದು ಮೊದಲೇ ಬರೆದಿಡುವ ವಿವರಣೆಗೆ ಸ್ಕೀಮಾ ಎನ್ನುತ್ತಾರೆ. ಅದನ್ನು ಬರೆಯುವುದೇ ನನ್ನ ಕಸುಬು.

ಕಬಡ್ಡಿಯಲ್ಲಿ ಒಂದು ರೇಡಿಗೆ ಒಂದು ಸಂದೇಶ. ಅದರಲ್ಲಿ ರೇಡರಿನ ನಂಬರು, ಅವಳು ಮುಟ್ಟಿದವರ ನಂಬರುಗಳು, ಬೋನಸ್ ಸಿಕ್ಕಿತೋ ಇಲ್ಲವೋ, ಅವಳು ಮಧ್ಯಗೆರೆ ಮುಟ್ಟಿ ವಾಪಸು ಬಂದಳೋ ಇಲ್ಲವೋ ಎಂಬ ಅಂಶಗಳಿರುತ್ತವೆ. ಇಬ್ಬರು ಎರಡು ಕಡೆಯಿಂದ ಒತ್ತುವಾಗ ಯಾವುದು ಮೊದಲು ಬರುತ್ತದೆಂದು ಹೇಳಲಾಗದು. ಹಾಗಾಗಿ ಯಾವ ಕ್ರಮದಲ್ಲಿ ಬಂದರೂ ಸರಿ ಎಂದು ಅವನ್ನೆಲ್ಲ ಒಂದು ಗುಂಪು ಮಾಡಿದ್ದೆ. ಆ ಗುಂಪಿನಿಂದ ಹೊರಗಿಟ್ಟಿದ್ದು ಒಂದನ್ನು ಮಾತ್ರ: ಅಂಕಣದಲ್ಲಿ ಉಳಿದವರು ಎಷ್ಟು ಎಂಬುದು. ಅದನ್ನು ಯಾರೂ ಕಳಿಸುವುದಿಲ್ಲ, ಉಳಿದದ್ದೆಲ್ಲ ಬಂದ ಮೇಲೆ ಯಂತ್ರವೇ ಲೆಕ್ಕ ಹಾಕಿಕೊಳ್ಳಬೇಕು. ಮದುವೆಮನೆಗೆ ನೆಂಟರು ಯಾವ ಬಸ್ಸಿಗೆ ಬಂದರೂ ನಡೆಯುತ್ತದೆ. ಆದರೆ ಎಷ್ಟು ಎಲೆ ಹಾಕಬೇಕು ಎಂಬ ಲೆಕ್ಕ ಬಸ್ಸಿಳಿದು ಬರುವ ನೆಂಟನಲ್ಲ. ಅರ್ಧ ಜನ ಬಂದಾಗಲೇ ಎಲೆ ಎಣಿಸಿದರೆ ಉಳಿದವರು ಉಪವಾಸ. ಈ ಲೆಕ್ಕಕ್ಕೆ ಕಬಡ್ಡಿಯಲ್ಲಿ ಬೆಲೆ ಹೆಚ್ಚು. ಒಂದು ತಂಡದಲ್ಲಿ ಒಬ್ಬರೂ ಉಳಿಯದಿದ್ದರೆ ಎದುರಾಳಿಗೆ ಎರಡು ಅಂಕ ಜಾಸ್ತಿ ಸಿಗುತ್ತದೆ. ಅದಕ್ಕೆ ಲೋನಾ ಎನ್ನುತ್ತಾರೆ.

ನನ್ನ ಏರ್ಪಾಡಿನಲ್ಲಿ ಒಂದು ತೊಂದರೆ ಇತ್ತು. ಎಲ್ಲ ಅಂಶಗಳೂ ಬರುವ ತನಕ ಬೋರ್ಡು ಕಾಯುತ್ತಿತ್ತು, ಆ ಒಂದು ಉಸಿರಿನ ಹೊತ್ತನ್ನು ನಮ್ಮ ಜನ ತಡೆದುಕೊಳ್ಳಲಿಲ್ಲ. ಒಂದು ಊರಿನಲ್ಲಿ ಬೋರ್ಡಿಗೆ ಕಲ್ಲು ಬಿತ್ತು, ಕಲ್ಲು ತಡೆಯಲು ಹೋದ ಅಣ್ಣನ ಹುಬ್ಬಿಗೆ ಹೊಲಿಗೆ ಬಿತ್ತು.

ಇನ್ನು ತಂಗಿಯ ವಿಷಯ. ಅವಳಿಗೆ ಕಬಡ್ಡಿ ಕಲಿಸಿದವಳು ನಾನೇ, ಕೊಯ್ಲು ಮುಗಿದ ಗದ್ದೆಯಲ್ಲಿ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ನಾನು ಅವಳ ಸೊಂಟ ಹಿಡಿದು ಎತ್ತಿ ಕುಕ್ಕುತ್ತಿದ್ದೆ. ಅವಳು ಅಳುತ್ತಿರಲಿಲ್ಲ, ಎದ್ದು ಬಂದು ನನ್ನ ಕೈ ಕಚ್ಚುತ್ತಿದ್ದಳು. ಒಂದು ಸಲ ಅವಳ ತುಟಿ ಸೀಳಿತು, ಒಂದು ಸಲ ನನ್ನ ಬೆರಳು ತಿರುಚಿಹೋಯಿತು. ನೋಡಿದವರು ಇವರೇನು ಅಕ್ಕತಂಗಿಯರೋ ಬೀದಿನಾಯಿಗಳೋ ಎನ್ನುತ್ತಿದ್ದರು. ನಮಗಿಬ್ಬರಿಗೂ ಅದೇ ಪ್ರೀತಿ, ಬೇರೆ ಥರ ತೋರಿಸಿ ಗೊತ್ತಿಲ್ಲ. ಅವಳು ನನಗಿಂತ ಎಷ್ಟೋ ಪಾಲು ಒಳ್ಳೆಯ ರೇಡರ್ ಆದಳು. ಆದರೆ ಅವಳ ಬಲಭುಜ ಈಗಾಗಲೇ ಎರಡು ಸಲ ಕೀಲು ತಪ್ಪಿತ್ತು. ಇನ್ನೊಂದು ಸಲ ಹೀಗಾದರೆ, ಅದರ ಮೇಲೂ ಆಡಿದರೆ, ಆ ಕೈಯಲ್ಲಿ ತಲೆ ಬಾಚಿಕೊಳ್ಳುವುದೂ ಕಷ್ಟ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಅದನ್ನು ಅವಳು ತಂಡದವರಿಗೆ ಹೇಳಿರಲಿಲ್ಲ. ತೀರ್ಥಹಳ್ಳಿಯಲ್ಲಿ ನಡೆಯಲಿದ್ದ ಪಂದ್ಯಾವಳಿಗೆ ರಾಜ್ಯ ತಂಡದ ಆಯ್ಕೆಯವರು ಬರುತ್ತಾರೆಂದು ಗೊತ್ತಿದ್ದರಿಂದ, ನನ್ನ ಬಾಯಿಯನ್ನೂ ಕಟ್ಟಿಹಾಕಿದ್ದಳು.

ಪಂದ್ಯಾವಳಿ ಒಂದು ಭಾನುವಾರ. ನಾನು ಬೆಳಗಿನ ಬಸ್ಸಿಗೇ ಹೋಗಿದ್ದೆ. ಅಣ್ಣನ ಮೇಜಿನ ಪಕ್ಕ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ಬರುವ ಸಂದೇಶಗಳೆಲ್ಲ ಅದರಲ್ಲಿ ಕಾಣುತ್ತಿದ್ದವು. ಮೊದಲ ಪಂದ್ಯದಲ್ಲೇ ಒಂದು ರೇಡಿಗೆ ಇಬ್ಬರು ಔಟಾದಾಗ ಬೋರ್ಡು ಒಬ್ಬರನ್ನೇ ಕಳೆಯಿತು. ಮೇಜಿನ ಮುಂದೆ ಕೂತಿದ್ದ ಸ್ಕೋರರ್, ಕೀಬೋರ್ಡ್ ಎಳೆದುಕೊಂಡು ಕೈಯಿಂದ ಸರಿಮಾಡಿದ. ಅಷ್ಟೇ ಸಾಕಾಯಿತು. ಎದುರು ಪಕ್ಷದ ನಾಲ್ಕು ಜನ ಮೇಜು ಹತ್ತಿ, ಅವನ ಕೈಯನ್ನು ಬೆನ್ನ ಹಿಂದೆ ತಿರುಚಿ, ಮುಖವನ್ನು ಮೇಜಿಗೆ ಅಪ್ಪಳಿಸಿದರು. ಬೋರ್ಡನ್ನು ಯಾರೂ ಮುಟ್ಟಕೂಡದು ಎಂದು ಕೂಗಾಡಿ ಕೀಬೋರ್ಡನ್ನೇ ಕಿತ್ತುಕೊಂಡು ಹೋದರು. ಸ್ಕೋರರ್ ಮೂಗಿಗೆ ಟವೆಲ್ ಒತ್ತಿಕೊಂಡು ಮನೆಗೆ ಹೋದ.

ನಾನು ಅಣ್ಣನ ಕಡೆ ತಿರುಗಿದೆ. "ನಾ ಬರ್ದಿದ್ದನ್ನ ಯಾರು ಮುಟ್ಟಿದ್ದು?"

"ಎಂತ ಮಾರಾಯ್ತಿ, ಚಲೋ ಆಗಿದ್ಯಲ್ಲ ಈಗ. ನೋಡಿದ್ಯಾ, ಒತ್ತಿದ್ ಕೂಡ್ಲೆ ಬರ್ತದೆ. ನಿನ್ ಪಾಲುದಾರನ ಹತ್ರ ಮಾಡಿಸ್ದೆ. ನಿನ್ ಕೇಳಿದ್ರೆ ಆಗೂದಿಲ್ಲ ಅಂತಿದ್ದೆ."

ಸ್ಕೀಮಾ ತೆರೆದು ನೋಡಿದೆ. ಉಳಿದವರ ಲೆಕ್ಕವನ್ನು ಪಾಲುದಾರ ಗುಂಪಿನ ಒಳಗೆ ತಂದು ಹಾಕಿದ್ದ. ಲೆಕ್ಕದಿಂದ ಹುಟ್ಟುವ ಅಂಶಕ್ಕೆ ಸಂದೇಶದಲ್ಲಿ ಸ್ವಂತ ಜಾಗವೇ ಇಲ್ಲ, ಹಾಗಾಗಿ ಕ್ರಮವಿಲ್ಲದ ಗುಂಪಿನಲ್ಲಿ ಅದು ಯಾವಾಗ ಬಂತು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸ್ಕೀಮಾ ಪರೀಕ್ಷಿಸುವ ನಮ್ಮ ಸಾಫ್ಟ್‌ವೇರ್ ಅದಕ್ಕೆ ಒಪ್ಪುವುದೂ ಇಲ್ಲ. ಈ ಮಹರಾಯ ಅದಕ್ಕೂ ಮಂತ್ರ ಹಾಕಿದ್ದ. ಮೇಜಿಗೆ ಹತ್ತಿರವಿದ್ದ ಈಚೆ ಪಕ್ಕದ ಅಂಪೈರು ರೇಡ್ ಮುಗಿಯಿತು ಎಂದು ಒತ್ತಿದಾಗ ಸಂದೇಶದಲ್ಲಿ ಒಂದು ಖಾಲಿ ತುಂಡು ಹೋಗುವಂತೆ ಮಾಡಿ, ಅದು ಬಂದ ಕ್ಷಣಕ್ಕೆ ಲೆಕ್ಕ ಹಾಕು ಎಂದಿದ್ದ. ಆಚೆ ಪಕ್ಕದವರು ಸ್ವಲ್ಪ ತಡವಾಗಿ ಒತ್ತಿದರೆ ಅವರ ಅಂಶ ಸಂದೇಶದಲ್ಲಿರುತ್ತದೆ, ಲೆಕ್ಕದಲ್ಲಿರುವುದಿಲ್ಲ. ಪಾಲುದಾರ ಎದುರಿಗಿದ್ದಿದ್ದರೆ ಅವನ ಮೂಗಿಗೂ ಟವೆಲ್ ಬೇಕಾಗುತ್ತಿತ್ತು. ಅವನು ಪುಣ್ಯಕ್ಕೆ ಸಾಗರದಲ್ಲಿದ್ದ.

"ಅಣ್ಣ, ಊಟದ ಹೊತ್ತಲ್ಲಿ ಹಳೇದನ್ನೇ ಹಾಕ್ತೀನಿ. ಇದು ತಪ್ಪು ಲೆಕ್ಕ ಕೊಡ್ತದೆ."

"ಕೈ ಮುಗೀತೀನಿ, ಮುಟ್ಬೇಡ. ನಾವು ಅದನ್ನ ಬಿಚ್ಚಿದ್ದು ಯಾರಾದ್ರೂ ಕಂಡ್ರೆ ನಮ್ಮನ್ನ ಇಲ್ಲೇ ಹುಗೀತಾರೆ. ಫೈನಲ್ ಮುಗೀಲಿ, ಆಮೇಲೆ ಎಂತ ಬೇಕಾದ್ರೂ ಮಾಡು." ಅವನ ಹುಬ್ಬಿನ ಹೊಲಿಗೆಯ ಗುರುತು ನನ್ನ ಕಣ್ಣೆದುರಿಗೇ ಇತ್ತು. ನಾನು ಸ್ಕೀಮಾ ಮುಚ್ಚಿ, ಬರುವ ಸಂದೇಶಗಳ ಕಡೆ ತಿರುಗಿದೆ.

ಫೈನಲಿಗೆ ಬಂದದ್ದು ತಂಗಿಯ ತಂಡ ಮತ್ತು ಬಯಲುಸೀಮೆಯ ಕಡೆಯ ಒಂದು ತಂಡ. ಅವರ ರೇಡರ್ ನೀಳಕಾಲಿನ ಹುಡುಗಿ, ಒದ್ದರೆ ಎದೆಗೂಡು ಸದ್ದು ಮಾಡುತ್ತಿತ್ತು. ಮೊದಲರ್ಧದಲ್ಲೇ ನಮ್ಮ ಕಡೆಯ ಒಬ್ಬಳು ಬಾಯಿಂದ ರಕ್ತ ಉಗುಳುತ್ತ ಹೊರಗೆ ಹೋದಳು, ಅವರ ಕಡೆಯ ಒಬ್ಬಳ ಕಣ್ಣು ಮುಚ್ಚಿಹೋಯಿತು. ಬದಲಿ ಆಟಗಾರ್ತಿಯರು ಎರಡೂ ಕಡೆ ಮುಗಿದರು. ಜನ ಹಗ್ಗ ದಾಟಿ ಮ್ಯಾಟಿನ ಅಂಚಿಗೇ ಬಂದು ನಿಂತು, ಮುರಿ, ಮುರಿ ಅವಳ ಕಾಲ್ ಮುರಿ ಎಂದು ಕಿರುಚುತ್ತಿದ್ದರು. ನಾನೂ ಕಿರುಚಿದೆ. ಯಾಕೆ ಸುಳ್ಳು ಹೇಳಲಿ, ಆ ಹೊತ್ತಿನಲ್ಲಿ ನನ್ನ ಮೈಯಲ್ಲೂ ಅದೇ ರಕ್ತ ಓಡುತ್ತಿತ್ತು.

ಕೊನೆಗೆ ಎರಡು ರೇಡು ಉಳಿದವು, ಅವರದೊಂದು, ನಮ್ಮದೊಂದು. ತಂಗಿಯ ತಂಡ ಒಂದು ಅಂಕ ಮುಂದಿತ್ತು. ಆದರೆ ಅಂಕಣದಲ್ಲಿ ಇದ್ದವರು ಇಬ್ಬರೇ: ನನ್ನ ತಂಗಿ ಮತ್ತು ಇನ್ನೊಬ್ಬ ದಪ್ಪನೆಯ ಹುಡುಗಿ.

ನೀಳಕಾಲಿನವಳು ಬಂದಳು. ಮೊದಲು ಆಚೆ ಪಕ್ಕದಲ್ಲಿದ್ದ ತಂಗಿಯ ಕಡೆ ಕಾಲು ಬೀಸಿದಳು. ತಂಗಿ ಹಿಂದಕ್ಕೆ ಹಾರಿ, ಗೆರೆಯೊಳಗೇ, ಮ್ಯಾಟಿನ ತುಂಡುಗಳು ಬಿಟ್ಟುಕೊಂಡು ಗಟ್ಟಿ ನೆಲ ಕಾಣುತ್ತಿದ್ದಲ್ಲಿ ಭುಜದ ಮೇಲೆ ಬಿದ್ದಳು. ಅವಳು ಬಿದ್ದದ್ದನ್ನು ಹೆಚ್ಚು ಜನ ನೋಡಲಿಲ್ಲ. ಅಷ್ಟರಲ್ಲಿ ಈಚೆ ಪಕ್ಕದಲ್ಲಿ ದಪ್ಪ ಹುಡುಗಿ ರೇಡರಿನ ಸೊಂಟ ಹಿಡಿದಿದ್ದಳು. ಇಬ್ಬರೂ ಉರುಳಿದರು. ರೇಡರ್ ಮೊಣಕೈಯಿಂದ ಅವಳ ಕುತ್ತಿಗೆಗೆ ಗುದ್ದಿ, ಮಣ್ಣು ತೋಡುವವಳಂತೆ ಬೆರಳೂರಿ ತೆವಳಿ ತೆವಳಿ ಮಧ್ಯಗೆರೆ ಮುಟ್ಟಿದಳು. ದಪ್ಪ ಹುಡುಗಿ ಔಟ್, ಅದನ್ನು ಎಲ್ಲರೂ ಕಂಡರು. ಈಚೆ ಪಕ್ಕದ ಅಂಪೈರು ಒತ್ತಿದ ಕೂಡಲೆ ಬೋರ್ಡು ಬದಲಾಯಿತು. ಅಂಕ ಸಮ. ಅಂಕಣದಲ್ಲಿ ಉಳಿದವರು: ಒಂದು. ಮೈದಾನ ಹುಚ್ಚೆದ್ದು ಕೂಗಿತು. ಉಳಿದ ಆ ಒಬ್ಬಳು ನನ್ನ ತಂಗಿ, ಕೊನೆಯ ರೇಡು ಅವಳದು. ಒಂದು ಅಂಕ ತಂದರೆ ಗೆಲುವು, ಎದುರಿಗೆ ಆಯ್ಕೆಯವರು.

ನನ್ನ ಪರದೆಯ ಮೇಲೆ ಖಾಲಿ ತುಂಡಿನ ನಂತರ ಇನ್ನೊಂದು ಅಂಶ ಬಂದು ಕೂತಿತ್ತು. ಆಚೆ ಪಕ್ಕದ ಅಂಪೈರು ಒತ್ತಿದ್ದು. ಮುಟ್ಟಿಸಿಕೊಂಡವಳ ನಂಬರು, ನನ್ನ ತಂಗಿಯದು.

ತಲೆ ಎತ್ತಿ ಆಚೆ ಪಕ್ಕದ ಅಂಪೈರನ್ನು ನೋಡಿದೆ. ಅವರು ಫೋನು ನೋಡಿದರು, ಬೋರ್ಡು ನೋಡಿದರು, ಆಮೇಲೆ ಆಕಾಶ ನೋಡಿದರು. ತಂಗಿಯನ್ನು ನೋಡಿದೆ. ಅವಳು ಎದ್ದು ನಿಂತಿದ್ದಳು. ಜರ್ಸಿ ಸರಿಮಾಡಿಕೊಳ್ಳುವವಳಂತೆ ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಯಿತು, ಕೀಲು ತಪ್ಪಿದೆ. ಮುಟ್ಟಿಸಿಕೊಂಡವರು ತಾವೇ ಕೈ ಎತ್ತಿ ಹೊರಗೆ ಹೋಗುವುದು ಮರ್ಯಾದೆ. ಬಲಗೈ ಎತ್ತಲು ಅವಳಿಗೆ ಆಗುತ್ತಿರಲಿಲ್ಲ, ಎಡಗೈ ಎತ್ತಲು ಮನಸ್ಸಿರಲಿಲ್ಲ. ಅವಳು ನನ್ನತ್ತ ನೋಡಿ ತಲೆಯನ್ನು ಸಣ್ಣಗೆ ಅಡ್ಡ ಆಡಿಸಿದಳು. ಬೇಡ ಎಂದರ್ಥ.

ನಾನು ಎದ್ದೆ. ಅಣ್ಣ ನನ್ನ ಮುಖ ನೋಡಿಯೇ ಮೈಕನ್ನು ಎದೆಗೆ ಒತ್ತಿಕೊಂಡ.

"ಅವ್ಳಿಗೆ ಟಚ್ ಆಗಿದೆ ಅಣ್ಣ. ಆಲ್‌ಔಟ್. ಲೋನಾ ಕೊಡ್ಬೇಕು."

"ಸುಮ್ನೆ ಕೂತ್ಕ. ಈಗ ಬೋರ್ಡು ಸುಳ್ಳು ಅಂದ್ರೆ ಎಂತ ಆಗ್ತದೆ ಗೊತ್ತುಂಟಾ? ನನ್ನ ಕೊಲ್ತಾರೆ!"

"ಮೈಕ್ ಕೊಡು."

ಅವನು ನನ್ನ ಜಡೆ ಹಿಡಿದು ಕೆಳಗೆ ಎಳೆದ. ನಾನು ಅವನ ಮಣಿಕಟ್ಟು ಕಚ್ಚಿದೆ, ಬಾಯಿಗೆ ಉಪ್ಪು ಹತ್ತುವವರೆಗೆ ಬಿಡಲಿಲ್ಲ. ಮೈಕು ನನ್ನ ಕೈಗೆ ಬಂತು. ಮೈದಾನದ ನಾಲ್ಕೂ ಮೂಲೆಯಿಂದ ನನ್ನದೇ ದನಿ ನನಗೆ ಕೇಳಿಸಿತು: "ಬೋರ್ಡ್ ತಪ್ಪು ಹೇಳ್ತಾ ಇದೆ. ಇಬ್ರೂ ಔಟ್. ಅವ್ಳು ನನ್ ತಂಗಿ, ಅವ್ಳಿಗೆ ಟಚ್ ಆಗಿದೆ. ಆಚೆ ಕಡೆ ಅಂಪೈರ್ ಒತ್ತಿದಾರೆ, ಬೇಕಾದ್ರೆ ಕೇಳಿ."

ಕೇಳಲು ಅವರಿರಬೇಕಲ್ಲ. ಅವರು ಬಿಳಿ ಟೀ ಶರ್ಟನ್ನು ಬಿಚ್ಚಿ ಬಿಸಾಕಿ, ಬನಿಯನ್ನಿನಲ್ಲಿ ಕಾಂಪೌಂಡು ಹಾರುತ್ತಿದ್ದರು. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ಆಮೇಲೆ ನಡೆದದ್ದರಲ್ಲಿ ಯಾವುದು ಮೊದಲು ಯಾವುದು ನಂತರ ಎಂದು ನಾನು ಹೇಳಲಾರೆ. ನಮ್ಮ ಕಡೆಯವರು ನಮಗೆ ದ್ರೋಹ ಮಾಡಿದಳೆಂದು ನನ್ನ ಮೇಲೆ ಬಿದ್ದರು, ಎದುರಿನವರು ಮೋಸದ ಬೋರ್ಡು ತಂದವನೆಂದು ಅಣ್ಣನ ಮೇಲೆ ಬಿದ್ದರು. ಕುರ್ಚಿಗಳು ಹಾರಿದವು. ಶಾಮಿಯಾನದ ಕಂಬ ಕಿತ್ತು ಯಾರೋ ಬೋರ್ಡಿಗೆ ತಿವಿದರು, ಗಾಜಿನ ಚೂರು ಮಳೆಯ ಹಾಗೆ ಸುರಿಯಿತು. ಅಣ್ಣನ ತಲೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ಅವನು ಏನೂ ಕಾಣದೆ ಎರಡೂ ಕೈ ಬೀಸುತ್ತಿದ್ದ, ಒಂದು ಏಟು ನನಗೇ ಬಿತ್ತು. ನಾನು ಒಬ್ಬನ ಕಿವಿ ಹಿಡಿದು ನೇತಾಡಿದೆ. ನನ್ನ ಕಟ್ಟಿಸಿದ ಹಲ್ಲು ಎರಡೂ ಹೋದವು. ಲಾಠಿ ಬಂದ ಮೇಲೆ ಜನ ಚದುರಿದರು.

ಧೂಳಿನ ನಡುವೆ ತಂಗಿ ನನ್ನ ಎದುರಿಗೆ ಬಂದಳು. ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಕೈ ಸೋಲುವ ತನಕ.

"ಭುಜ ನಂದು! ನೀ ಯಾರೇ ಕೇಳೋಕೆ? ನಾ ನಿಂಗೆ ತಲೆ ಆಡಿಸಿ ಬೇಡ ಅನ್ಲಿಲ್ವಾ? ಪಾಪ ಅನ್ನಿಸ್ತಾ ನಿಂಗೆ, ಪಾಪ?"

ನಾನು ಹೊಡೆಸಿಕೊಂಡೆ. ಅವಳಿಗೆ ತಿರುಗಿ ಹೊಡೆಯದೆ ನಿಂತದ್ದು ಹುಟ್ಟಿದಾರಭ್ಯ ಅದೇ ಮೊದಲು.

ಆಸ್ಪತ್ರೆಯಲ್ಲಿ ಅಣ್ಣನ ತಲೆಗೆ ಹೊಲಿಗೆ ಹಾಕುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ತಂಗಿಯ ಭುಜ ಕೂರಿಸಿದರು. ಇಬ್ಬರು ಹಿಡಿದುಕೊಂಡರು, ಡಾಕ್ಟರು ಕಂಕುಳಿಗೆ ಪಾದ ಊರಿ ಕೈ ಎಳೆದರು. ಕಟ್ ಎಂದು ಸದ್ದಾಯಿತು. ಅವಳು ಕಿರುಚಲಿಲ್ಲ, ಹಾಸಿಗೆಯ ರಬ್ಬರ್ ಹಾಳೆಯನ್ನು ಕಚ್ಚಿ ಹರಿದಿದ್ದಳು. ಎಕ್ಸ್‌ರೇ ತೆಗೆದು ನೋಡಿದ ಡಾಕ್ಟರು ಆಪರೇಷನ್ ಆಗಬೇಕು ಎಂದರು, ಇನ್ನು ಕಬಡ್ಡಿ ಮರೆತುಬಿಡಬೇಕು ಎಂದರು. ಇದರ ಮೇಲೆ ಇನ್ನೊಂದು ರೇಡ್ ಮಾಡಿದ್ದರೆ ಕೈ ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು ಎಂದೂ ಹೇಳಿದರು. ನನ್ನ ಕಡೆ ತಿರುಗಿ, ನಿಲ್ಲಿಸಿದ್ದು ನೀವಂತೆ, ಒಳ್ಳೆಯದು ಮಾಡಿದಿರಿ ಎಂದರು. ಆ ಮಾತು ಕೇಳಿ ತಂಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ನನಗೆ ಅಳು ಬಂತು. ಅವಳ ಆಟ ಹೋದದ್ದಕ್ಕೆ ಬಂತು, ಹಲ್ಲಿಲ್ಲದ ಬಾಯಲ್ಲಿ ಅದು ಅಳುವಂತೆ ಕೇಳಲೂ ಇಲ್ಲ.

ನರ್ಸು ಅವಳ ಕೈಯನ್ನು ಎದೆಗೆ ಸೇರಿಸಿ ಪಟ್ಟಿ ಸುತ್ತುತ್ತಿದ್ದಳು. ತಂಗಿ ಗೋಡೆ ನೋಡುತ್ತಲೇ ಕೇಳಿದಳು.

"ಅಕ್ಕ, ಒಂದ್ ಮಾತ್ ಕೇಳ್ತೀನಿ. ಸುಳ್ಳ್ ಹೇಳ್ಬೇಡ."

"ಕೇಳು."

"ಬೋರ್ಡು ಸರಿ ಇದ್ದಿದ್ರೆ? ಅವ್ಳು ನನ್ನ ಮುಟ್ಟದೇ ಇದ್ದು, ಕೈ ಹಿಂಗೇ ಜೋತಾಡ್ತಿದ್ದು, ನಿಜ್ವಾಗ್ಲೂ ನಾನೊಬ್ಳೇ ಉಳ್ದಿದ್ರೆ? ಆವಾಗ್ಲೂ ಮೈಕ್ ಕಿತ್ಕೊಳ್ತಿದ್ಯಾ?"

ಕಿತ್ಕೊಳ್ತಿದ್ದೆ ಎಂದು ಹೇಳುವುದು ಸುಲಭವಿತ್ತು. ಡಾಕ್ಟರು ಆಗಲೇ ಶಹಭಾಸ್ ಎಂದಿದ್ದರು. ನರ್ಸು ಪಟ್ಟಿ ಸುತ್ತುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮ್ಯಾಟಿನ ಅಂಚಿನಲ್ಲಿ ಕೈ ಅವುಚಿಕೊಂಡು ನಿಂತ ತಂಗಿಯನ್ನು ನಾನು ಮತ್ತೊಮ್ಮೆ ನೆನೆಸಿಕೊಂಡೆ, ಪರದೆಯ ಮೇಲಿನ ಆ ನಂಬರನ್ನು ಮನಸ್ಸಿನಲ್ಲೇ ಅಳಿಸಿ ನೋಡಿದೆ.

"ಇಲ್ಲ," ಎಂದೆ. "ಹೋಗು, ಎಡಗೈಯಲ್ಲಿ ಮುಟ್ಟಿ ಬಾ ಅಂತ ಕೂಗ್ತಿದ್ದೆ."

"ಅಯ್ಯೋ, ಎಂಥಾ ಅಕ್ಕನ್ರೀ ನೀವು!" ಎಂದಳು ನರ್ಸು.

ತಂಗಿ ಗೋಡೆಯಿಂದ ಈ ಕಡೆ ತಿರುಗಿದಳು. ನನ್ನ ಊದಿದ ಕೆನ್ನೆ, ಬೊಚ್ಚು ಬಾಯಿ ಎಲ್ಲವನ್ನೂ ಒಮ್ಮೆ ನೋಡಿದಳು.

"ಹಂಗಾದ್ರೆ ಸರಿ," ಎಂದು ಕಾಲು ಮಡಚಿ ಮಂಚದ ತುದಿಯಲ್ಲಿ ನನಗೆ ಜಾಗ ಮಾಡಿದಳು.